ನೂರು ಕೋಟಿಯಲ್ಲಿ ಹತ್ತು

ಕಿಟುಯಿಯ ಸಂತೆಬೀದಿಯ ತುದಿಗೆ ಮುನ್ಯೋಕಿಯ ಹಿಟ್ಟಿನ ಗಿರಣಿ.
ಬೆಲ್ಟು ಇನ್ನೂ ತಿರುಗಿಲ್ಲ. ಗಿರಣಿಗಿಂತ ಮೊದಲು ನಾನು,
ನನಗಿಂತ ಮೊದಲು ಸಾಲು.
ಮಡಚುವ ಮೇಜು, ಬೆಂಕಿಪೊಟ್ಟಣದಷ್ಟು ಯಂತ್ರ,
ತೆರೆ ಬಿರಿದ ಫೋನು,
ಡಬ್ಬಿಯಲ್ಲಿ ನಲವತ್ತು ಪಟ್ಟಿ:
ಉಗುರಗಲ, ಕಾಡಿಗೆಗಪ್ಪು.

ಆ ಕಪ್ಪಿನ ಮೇಲೆ ಚಿನ್ನವಿದೆ ಅಂದರೆ
ಮುನ್ಯೋಕಿ ನಗುತ್ತಾನೆ: "ಹಾಗಾದರೆ ಕಾವಲಿಗೊಂದು ನಾಯಿ ಕಟ್ಟು."
ಇದೆ ಮಾರಾಯ. ಕೂದಲೆಳೆಯ ಅಗಲವನ್ನು
ಐದು ಸಾವಿರ ಸೀಳು ಸೀಳಿದರೆ
ಒಂದು ಸೀಳಿನಷ್ಟು ಕಣ.
ಕುಪ್ಪಿಯಲ್ಲಿದ್ದಾಗ ಹಳದಿಯೂ ಅಲ್ಲ, ದಾಸವಾಳದ ಶರಬತ್ತು.
ಕಳ್ಳನಿಗೂ ಬೇಡವಾದ ಚಿನ್ನ.

ಕಣದ ಮೈಮೇಲೆ ಕೊಕ್ಕೆ ಕೂರಿಸಿದ್ದಾರೆ
ನೈರೋಬಿಯ ಲ್ಯಾಬಿನವರು.
ಕೊಕ್ಕೆಗೆ ಗೊತ್ತಿರುವುದು ಒಂದೇ ಹೆಸರು: ಅಫ್ಲಾಟಾಕ್ಸಿನ್.
ಒದ್ದೆ ಮೆಕ್ಕೆಜೋಳದ ಬೂಜು ಹೆತ್ತ ಕೂಸು,
ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಸಾಯುವುದಿಲ್ಲ.
ಅದು ಬಂದು ಕೊಕ್ಕೆಗೆ ಬಿದ್ದಷ್ಟೂ
ಕರೆಂಟಿನ ದಾರಿ ಕಟ್ಟುತ್ತದೆ, ಗೆರೆ ತಗ್ಗುತ್ತದೆ.
ಗೆರೆ ಇಳಿದರೆ ವಿಷ ಏರಿದೆ.
ಸಾಲಿನವರಿಗೆ ಇದನ್ನು ಹೇಳಿ ಹೇಳಿ
ನನ್ನ ನಾಲಿಗೆ ಸವೆದಿದೆ.

ಹಂಡೆ ಅನ್ನಕ್ಕೆ ಒಂದಗುಳು ಸಾಕ್ಷಿ ಅನ್ನುತ್ತಾರೆ.
ಚೀಲಕ್ಕೆ ಸಾಲದು.
ಒಂದು ತೆನೆ ಹಾಲಿನಂಥದು, ಪಕ್ಕದ ತೆನೆ ಯಮ.
ಟೊಳ್ಳು ಸಲಾಕೆಯಿಂದ ಐದು ಕಡೆ ಚುಚ್ಚಿ,
ಅರೆದು, ಸ್ಪಿರಿಟ್ಟಿನಲ್ಲಿ ಕುಲುಕಿ, ಸೋಸಿ,
ಒಂದು ಹನಿ.
ಹತ್ತು ನಿಮಿಷ ಯಾರೂ ಮಾತಾಡುವುದಿಲ್ಲ.
ಮಗುವಿಗೆ ಮೊಲೆ ಕೊಡುತ್ತಿರುವವಳೂ
ಒಡಕು ತೆರೆಯನ್ನೇ ನೋಡುತ್ತಾಳೆ.

ನೂರು ಕೋಟಿಯಲ್ಲಿ ಹತ್ತು ಪಾಲು: ಸರಕಾರ ಎಳೆದ ಗಡಿ.
ಆರು. ನಾಲ್ಕು. ಒಂಬತ್ತು. ಗಿರಣಿಗೆ, ಗಿರಣಿಗೆ, ಗಿರಣಿಗೆ.
ಆಮೇಲೆ ನನ್ನಜ್ಜಿ ಸ್ಯೋಕಾವು.
ಮೂವತ್ತೇಳು.

ಅಜ್ಜಿ ಒಂದು ಕಾಳೆತ್ತಿ ಕಟಕ್ಕನೆ ಕಡಿದಳು,
ಉಳಿದ ಆರು ಹಲ್ಲಿನಲ್ಲಿ.
"ಸಿಹಿಯಾಗಿದೆ. ನಿನ್ನ ಪೆಟ್ಟಿಗೆಗೆ ನಾಲಿಗೆಯಿದೆ,
ಹೊಟ್ಟೆಯಿದೆಯೇನೇ?"
ಸಾಲು ನಕ್ಕಿತು. ನಾನೂ ನಕ್ಕೆ.
ನಗು ಮುಗಿದ ಮೇಲೂ ಮೂವತ್ತೇಳು ಅಲ್ಲೇ ಇತ್ತು.

ಕಲೋಂಡು ಚಿಕ್ಕಮ್ಮನ ಹೆಸರು ನಾನು ಎತ್ತಲಿಲ್ಲ.
ನಾನು ಹುಟ್ಟುವ ಮೊದಲಿನ ಕಥೆ:
ಕಣ್ಣು ಹಳದಿ, ಹೊಟ್ಟೆ ಡೋಲು, ಒಂಬತ್ತನೇ ದಿನ ಮುಗಿಯಿತು.
ಯಾರದೋ ದೃಷ್ಟಿ ಅಂದಿದ್ದರಂತೆ.
ಅದೇ ಚೀಲದಲ್ಲಿ ಮಿಕ್ಕ ಜೋಳವನ್ನು
ಮಣ್ಣಿಗೆ ಬಂದವರಿಗೆ ಬೇಯಿಸಿ ಬಡಿಸಿದರಂತೆ.
ಅಜ್ಜಿಯೂ ಎತ್ತಲಿಲ್ಲ.

ಮೊರ ಕೇಳಿದಳು.
ಜಾಲಿಯ ನೆರಳಲ್ಲಿ ಕಾಲು ಚಾಚಿ ಕೂತು
ಒಡೆದದ್ದು, ಹುಳು ಕೊರೆದದ್ದು, ಮಂಕು ಬಡಿದದ್ದು
ಒಂದೊಂದೇ ಆಚೆಗೆ.
ಬೆರಳು ಓಡುತ್ತಿದ್ದವು, ಕಣ್ಣು ರಸ್ತೆಯ ಮೇಲಿತ್ತು.
ಅವಳು ಕಾಳನ್ನು ನೋಡುವುದಿಲ್ಲ, ಮುಟ್ಟುತ್ತಾಳೆ.
ಆಯ್ದು ಬಿಸುಟದ್ದನ್ನು ಕೋಳಿ ಕೆದಕದಂತೆ
ಹೆಗಲ ಬಟ್ಟೆ ಬಿಚ್ಚಿ ಮುಚ್ಚಿದ್ದಳು,
ನಾನು ನೋಡಿದ್ದನ್ನು ನೋಡಿ ಮುಖ ತಿರುಗಿಸಿದಳು.
ನಾಲ್ಕು ಗಂಟೆಗೆ ಒಂದು ಬೋಗುಣಿ ತಂದಿಟ್ಟಳು.

ಹನ್ನೊಂದು.

ಯಂತ್ರ ಒಂದೆರಡು ಆಚೀಚೆ ಆಗುತ್ತದೆ, ನನಗೆ ಗೊತ್ತು.
ಅವಳಿಗೂ ಗೊತ್ತು.
ಹೋದ ವಾರ ಅವಳ ಒಲೆಯ ಮುಂದೆ ಕೂತು
ಉಗಾಲಿ ಮುರಿಯುತ್ತಾ ನಾನೇ ಹೇಳಿದ್ದೆ.
ಮುನ್ಯೋಕಿ ಸ್ವಿಚ್ಚಿನ ಮೇಲೆ ಕೈಯಿಟ್ಟು ಕಾದ.
ಡಬ್ಬಿಯಲ್ಲಿ ಇನ್ನೆರಡೇ ಪಟ್ಟಿ.
ಸಾಲಿನಲ್ಲಿ ಇನ್ನಿಬ್ಬರು.

ಪುಸ್ತಕದಲ್ಲಿ ಹನ್ನೊಂದು ಅಂತಲೇ ಬರೆದೆ.
ಪೆನ್ನು ಎರಡು ಸಲ ಕೈಕೊಟ್ಟಿತು.

ಅಜ್ಜಿ ಬೈಯಲಿಲ್ಲ.
ಬೋಗುಣಿಯನ್ನು ಮತ್ತೆ ಮೊರಕ್ಕೆ ಸುರಿದುಕೊಂಡು
"ಒಂದು ತಾನೇ ಹೆಚ್ಚು" ಅಂದಳು,
"ಎಲ್ಲಿ ಅಡಗಿದೆಯೋ ನೋಡೋಣ."